“ನಿರ್ವಿಷಕಣ”: ಒಂದು ವಿಶೇಷಣದ ಪರಾಮರ್ಶೆ

ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಿಗೆ ಪಾರಿಭಾಷಿಕ ಪದಗಳ ಕೊರತೆಯೇ ದೊಡ್ಡ ತೊಡಕೆಂದು ಹೇಳುವ ರೂಢಿಯುಂಟು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ “ವಿಜ್ಞಾನ” ಪತ್ರಿಕೆಯನ್ನು ಹೊರಡಿಸಿದ ಕಾಲದಿಂದಲೂ ಆ ಕೊರತೆಯನ್ನು ನೀಗುವ ಯತ್ನ ನಡೆದೇ ಇದೆ. ಆದರೆ ನನ್ನ ಅಲ್ಪಮತಿಗೆ ತೋರುವಂತೆ, ನಾಮಪದಕ್ಕಿಂತ ವಿಶೇಷಣದಲ್ಲಿಯೇ ಅಪಾಯವು ಹೆಚ್ಚು. ನಾಮಪದವು ತಿಳಿಯದಿದ್ದರೆ ಓದುವವನು ಅಲ್ಲಿಯೇ ನಿಂತು ಕೇಳುತ್ತಾನೆ. ವಿಶೇಷಣವು ತಪ್ಪಿದರೆ ಅವನು ನಿಲ್ಲುವುದಿಲ್ಲ. ತಪ್ಪನ್ನೇ ನಂಬಿ ಮುಂದೆ ನಡೆಯುತ್ತಾನೆ. ಇದಕ್ಕೆ ನಿದರ್ಶನವು ನನ್ನ ಲೇಖನಿಯಿಂದಲೇ ಹುಟ್ಟಿತಾದುದರಿಂದ ಅದನ್ನೇ ವಿಮರ್ಶೆಗೆ ಎತ್ತಿಕೊಂಡಿರುವೆನು.

ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಸೋದರಳಿಯನು ಈಚೆಗೆ ತಾನು ಬರೆದ ಲೇಖನವೊಂದನ್ನು ತಿದ್ದಿಕೊಡಬೇಕೆಂದು ತಂದನು. ಔಷಧವನ್ನು ಹೊತ್ತು ದೇಹದೊಳಗೆ ಸಾಗಿಸುವ ಉದ್ದೇಶದಿಂದ ಪೆಪ್ಟೈಡ್ ಪಾಲಿಮರಿನ ಅತಿಸೂಕ್ಷ್ಮ ಕಣಗಳನ್ನು ನೀರಿನಲ್ಲಿಯೇ ರಚಿಸುವ ಕ್ರಮವು ಅದರ ವಿಷಯ. “ವಿಷಕರವಾದ ದ್ರಾವಕಗಳನ್ನು ಬಳಸದೆ ನೀರಿನಲ್ಲಿ ರಚಿಸಿದ ಕಣಗಳು” ಎಂದು ಅವನು ಪದೇ ಪದೇ ಬರೆದಿದ್ದನು. ವಾಕ್ಯವು ಭಾರವಾಯಿತೆಂದೆಣಿಸಿ ನಾನು ಎಲ್ಲೆಡೆಯಲ್ಲಿಯೂ “ನಿರ್ವಿಷಕಣ” ಎಂದು ತಿದ್ದಿದೆನು. ಅವನು ಓದಿ ನೋಡಿ, “ಮಾವ, ಮಾತು ಸೊಗಸಾಯಿತು, ಅರ್ಥ ಸುಳ್ಳಾಯಿತು” ಎಂದನು. ಆ ಮಾತು ಎಷ್ಟು ನಿಜವೆಂಬುದನ್ನು ತಿಳಿಯಲು ವಿಷಯವನ್ನು ಸ್ವಲ್ಪ ವಿವರಿಸಬೇಕು.

ಅಮೈನೊ ಆಮ್ಲಗಳು ಒಂದಕ್ಕೊಂದು ಹೆಣೆದುಕೊಂಡ ಸರಣಿಗೆ ಪೆಪ್ಟೈಡ್ ಎಂದು ಹೆಸರು. ಇಂಥ ಉದ್ದ ಸರಣಿಗಳನ್ನು ಬೇಗನೆ ಬೆಳೆಸಲು ಎನ್-ಕಾರ್ಬಾಕ್ಸಿ ಅನ್‌ಹೈಡ್ರೈಡ್ ಎಂಬ ಬಳೆಯಾಕಾರದ ಅಣುಗಳನ್ನು ಬಳಸುತ್ತಾರೆ. ಇವನ್ನು 1906ರಲ್ಲಿ ಮೊದಲು ವರ್ಣಿಸಿದವನು ಜರ್ಮನಿಯ ಹರ್ಮನ್ ಲಾಯ್ಕ್ಸ್. ಅಮೀನೊಂದು ತಾಗಿದರೆ ಬಳೆಯು ಬಿಚ್ಚಿಕೊಂಡು, ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಸರಣಿಗೆ ಸೇರುತ್ತದೆ. ತುದಿಯಲ್ಲಿ ಹೊಸ ಅಮೀನು ಮೂಡಿ ಮುಂದಿನ ಬಳೆಯನ್ನು ಬಿಚ್ಚುತ್ತದೆ. ಆದರೆ ನೀರು ಸೋಂಕಿದರೂ ಈ ಬಳೆಯು ಒಡೆದು ಕೆಡುವುದು. ಆದುದರಿಂದ ತೇವವನ್ನು ಪೂರ್ಣವಾಗಿ ತೆಗೆದ ಡೈಮೀಥೈಲ್ ಫಾರ್ಮಮೈಡ್ ಮೊದಲಾದ ದ್ರಾವಕಗಳಲ್ಲಿ ಸರಣಿಯನ್ನು ಬೆಳೆಸಿ, ಅನಂತರ ನೀರನ್ನು ಬೆರೆಸಿ ಕಣಗಳನ್ನು ಕಟ್ಟಿಸಿ, ದ್ರಾವಕವನ್ನು ತೊಳೆದು ತೆಗೆಯುವುದು ಹಳೆಯ ಪದ್ಧತಿ. ಈ ದ್ರಾವಕವು ಚರ್ಮದ ಮೂಲಕವೂ ಒಳಸೇರಿ ಯಕೃತ್ತಿಗೆ ಹಾನಿಮಾಡುವುದು. ಗರ್ಭಸ್ಥ ಶಿಶುವಿಗೆ ಅಪಾಯಕರವೆಂದೂ ಎಣಿಸಲ್ಪಟ್ಟಿದೆ. ಯೂರೋಪಿನ ಒಕ್ಕೂಟವು 2021ರಲ್ಲಿ ಇದರ ಬಳಕೆಗೆ ನಿರ್ಬಂಧವನ್ನು ವಿಧಿಸಿ, 2023ರ ಡಿಸೆಂಬರಿನಿಂದ ಅದನ್ನು ಜಾರಿಗೆ ತಂದಿತು.

ಫ್ರಾನ್ಸಿನ ಬೋರ್ಡೋ ನಗರದ ಬಾಂದುಯೆಲ್, ಲೆಕೊಮಾಂದು ಮೊದಲಾದವರು 2020ರ ಒಂದು ಪ್ರಬಂಧದಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ನೀರಿಗೆ ಒಲಿಯುವ ಪಾಲಿಎಥಿಲೀನ್ ಗ್ಲೈಕಾಲ್ ಎಳೆಯ ತುದಿಯಲ್ಲಿ ಅಮೀನಿರುವಂತೆ ಮಾಡಿ, ಗ್ಲುಟಾಮಿಕ್ ಆಮ್ಲದಿಂದಾದ, ನೀರಿಗೆ ಒಲಿಯದ ಅನ್‌ಹೈಡ್ರೈಡನ್ನು ನೀರಿನಲ್ಲಿಯೇ ಅದರೊಡನೆ ಕೂಡಿಸಿದರು. ಬೆಳೆಯುತ್ತ ಹೋದ ಪೆಪ್ಟೈಡ್ ಭಾಗವು ನೀರಿನಿಂದ ಮರೆಯಾಗಲು ಒಳಸರಿದು ಗುಂಪುಗೂಡಿತು. ಗ್ಲೈಕಾಲ್ ಎಳೆಗಳು ಹೊರಗಡೆ ನಿಂತವು. ಸೂಜಿಯಂಥ ಕಣಗಳು ದೊರೆತವು. ಸರಣಿಯ ಬೆಳವಣಿಗೆಯೂ ಕಣದ ಕಟ್ಟೋಣವೂ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ನಡೆದುದೇ ಇದರ ವೈಶಿಷ್ಟ್ಯ. ಈ ಅನ್‌ಹೈಡ್ರೈಡುಗಳನ್ನು ನೀರಿನಲ್ಲಿ ಬಳಸಿದುದೇ ಹೊಸತೆಂದು ಹೇಳಲಾಗದು. ಅಮೆರಿಕದ ಡೆಂಕ್‌ವಾಲ್ಟರ್ ಮತ್ತು ಸಂಗಡಿಗರು 1966ರಲ್ಲಿಯೇ ಸಣ್ಣ ಪೆಪ್ಟೈಡುಗಳನ್ನು ನೀರಿನಲ್ಲಿ ಹಂತಹಂತವಾಗಿ ಜೋಡಿಸಿದ್ದರು.

ಇನ್ನು ಶಬ್ದವಿಚಾರ. ಮೊದಲು “ನೀರಿನಲ್ಲಿ” ಎಂಬ ಸಪ್ತಮಿಯನ್ನು ನೋಡೋಣ. ಎಳ್ಳಿನಲ್ಲಿ ಎಣ್ಣೆ ಇರುವುದು ಅಭಿವ್ಯಾಪಕವಾದ ಅಧಿಕರಣ. ಚಾಪೆಯ ಮೇಲೆ ಒಬ್ಬನು ಕುಳಿತಿರುವುದು ಔಪಶ್ಲೇಷಿಕ. ಇಲ್ಲಿನ ನೀರು ಕಣದ ಗರ್ಭವನ್ನು ವ್ಯಾಪಿಸಿಲ್ಲ, ಹೊರಗೆ ತಾಗಿಕೊಂಡಿದೆ. ಆದುದರಿಂದ ಇದು ಎರಡನೆಯ ಬಗೆ. “ನೀರಿನಲ್ಲಿ ಕರಗಿಸಿ” ಎಂದು ಬರೆದರೆ ಕಣವು ಹುಟ್ಟುವ ಕಾರಣವನ್ನೇ ಅಳಿಸಿದಂತಾಗುವುದು. ಕರಗದಿರುವುದೇ ಇಲ್ಲಿ ಕಾರಣ. ಸೋದರಳಿಯನು “ನೀರಿನಲ್ಲಿ ರಚಿಸಿದ” ಎಂದುದು ಸಾಧುವೇ ಸರಿ.

“ನಿರ್ವಿಷ”ವೆಂಬುದು ಬಹುವ್ರೀಹಿ: ಯಾವುದರಿಂದ ವಿಷವು ತೊಲಗಿದೆಯೋ ಅದು. “ನಿರ್ವಿಷಕಣ”ವೆಂದೊಡನೆ ವಿಷಾಭಾವವು ಕಣದ ಧರ್ಮವಾಗುವುದು. ಮೂಲವಾಕ್ಯದಲ್ಲಿ ನಿಷೇಧವು ದ್ರಾವಕದ ಬಳಕೆಗೆ ಮಾತ್ರ ಸಂಬಂಧಿಸಿದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ, ಕ್ರಿಯೆಯೊಡನೆ ಅನ್ವಯಿಸುವ ಪ್ರಸಜ್ಯಪ್ರತಿಷೇಧವನ್ನು ನಾನು ವಸ್ತುವಿನ ಗುಣವನ್ನಾಗಿ ಮಾರ್ಪಡಿಸಿದೆನು. ಕಣವು ಜೀವಕೋಶಗಳಿಗೆ ಹಾನಿಮಾಡದೆಂಬುದು ಬೇರೆ ಪರೀಕ್ಷೆಯಿಂದ ಸಿದ್ಧವಾಗಬೇಕಾದ ವಿಷಯ. ದ್ರಾವಕವನ್ನು ಬಿಟ್ಟ ಮಾತ್ರಕ್ಕೆ ಅದು ಸಿದ್ಧವಾಗದು.

ಇಷ್ಟರಿಂದಲೇ ದೋಷವು ತೀರಲಿಲ್ಲ. ಆ ಅನ್‌ಹೈಡ್ರೈಡುಗಳನ್ನು ಸಾಮಾನ್ಯವಾಗಿ ಫಾಸ್ಜೀನ್ ಅಥವಾ ಟ್ರೈಫಾಸ್ಜೀನಿನಿಂದ, ಸಾವಯವ ದ್ರಾವಕಗಳಲ್ಲಿಯೇ ತಯಾರಿಸುವರು. ಫಾಸ್ಜೀನೆಂಬುದು ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ. ಎಂದಮೇಲೆ ಇಡೀ ಕ್ರಮವನ್ನು “ನಿರ್ವಿಷ”ವೆನ್ನುವುದಕ್ಕೂ ಯೋಗ್ಯತೆ ಸಾಲದು. ಕೊನೆಯ ಹಂತಕ್ಕೆ ಮಾತ್ರ, ಅದೂ ದ್ರಾವಕದ ಮಟ್ಟಿಗೆ ಮಾತ್ರ, ಆ ಮಾತು ಸಲ್ಲುವುದು. ವಿಷವು ರೋಗಿಯನ್ನು ಮುಟ್ಟದೆ, ಅನ್‌ಹೈಡ್ರೈಡನ್ನು ಮಾಡಿದ ಕೆಲಸಗಾರನ ಉಸಿರಿನ ಬಳಿ ಸುಳಿದಿರಬಹುದು. ನನ್ನ ಸಮಾಸವು ಆ ಕೆಲಸಗಾರನನ್ನು ಕಣ್ಮರೆ ಮಾಡಿತ್ತು.

ಇದರಿಂದ ಆ ಸಂಶೋಧನೆಯ ಬೆಲೆ ಕುಗ್ಗಲಿಲ್ಲ. ಒಂದು ಹಂತದಿಂದಾದರೂ ಕೆಟ್ಟ ದ್ರಾವಕವನ್ನು ತೊಲಗಿಸಿದುದು ದೊಡ್ಡ ಉಪಕಾರವೇ. ಅದನ್ನು ಅದರ ಅಳತೆಯಲ್ಲಿಯೇ ಹೊಗಳಬೇಕು. ಸಾಮಾನ್ಯ ವಾಚಕರಿಗೆ ಚಿಕ್ಕ ಮಾತು ಬೇಡವೇ ಎಂದು ಕೆಲವರು ಆಕ್ಷೇಪಿಸಬಹುದು. ಚಿಕ್ಕದಾಗಲಿ, ಆದರೆ ಅನ್ವಯವನ್ನು ಕೆಡಿಸದಿರಲಿ. “ಜಲರಚಿತ ಪೆಪ್ಟೈಡ್ ಕಣ” ಎಂದರೆ ಸಾಕು. ಇದು ಹುಟ್ಟಿದ ಎಡೆಯನ್ನು ಹೇಳುತ್ತದೆ, ಇಲ್ಲದ ಗುಣವನ್ನು ಆರೋಪಿಸುವುದಿಲ್ಲ.

ಕನ್ನಡವನ್ನು ಬೋಧಿಸುವ ನಾವು ಕಾವ್ಯದಲ್ಲಿ ವಿಶೇಷಣದ ಔಚಿತ್ಯವನ್ನು ತುಂಬ ಸೂಕ್ಷ್ಮವಾಗಿ ಪರೀಕ್ಷಿಸುತ್ತೇವೆ. ಶಾಸ್ತ್ರಗದ್ಯ ಬಂದಾಗ ಶ್ರುತಿಸುಖಕ್ಕೆ ಸೋಲುತ್ತೇವೆ. ಯಾವ ವಸ್ತುವಿಗೆ, ಯಾವ ಹಂತದಲ್ಲಿ, ಯಾರ ಪಾಲಿಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಇಂಥ ಲೇಖನಗಳಲ್ಲಿ ವಿಶೇಷಣವನ್ನು ಇಡಲಾಗದೆಂದು ವಿದ್ಯಾರ್ಥಿಗಳಿಗೆ ಕಲಿಸಬೇಕು. ನಾನು ಸೋದರಳಿಯನ ಭಾರವಾದ ವಾಕ್ಯವನ್ನು ಮೊದಲಿದ್ದಂತೆಯೇ ಬರೆದು ಹಿಂದಿರುಗಿಸಿದೆನು. ಇದಕ್ಕಿಂತ ಹಗುರವೂ ನಿಜವೂ ಆದ ಪದವು ಯಾರಿಗಾದರೂ ಹೊಳೆದರೆ, ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ವಿದ್ವಾಂಸರಲ್ಲಿ ಬಿನ್ನಹ.