ಅಂಕಿ ದಾಟಿತು, ಅಳತೆ ದಾಟಲಿಲ್ಲ

ಕಿಮೋಥೆರಪಿಯ ದಿನ ನ್ಯೂಟ್ರೋಫಿಲ್ ಎಣಿಕೆ ತೀರಾ ಕುಸಿದಿದ್ದರೆ ಸಾಮಾನ್ಯವಾಗಿ ಔಷಧಿ ಮುಂದೂಡಬೇಕು. ಆ ಅಂಕಿ ಪ್ರಯೋಗಾಲಯದ ಕಂಪ್ಯೂಟರಿನಲ್ಲಿರುತ್ತದೆ, ವೈದ್ಯರ ಕಂಪ್ಯೂಟರಿನಲ್ಲಿರುವುದಿಲ್ಲ. ನಡುವೆ ಒಂದು ಮುದ್ರಿತ ಹಾಳೆ, ಅದನ್ನು ಪುನಃ ಟೈಪ್ ಮಾಡುವ ದಣಿದ ಸಿಬ್ಬಂದಿ.

ಇದಕ್ಕೆ ತಂತ್ರಜ್ಞಾನದ ಕೊರತೆ ಕಾರಣವೆಂದರೆ ನಾವು ಒಪ್ಪುವುದಿಲ್ಲ. ಸಂದೇಶಗಳ ಮಾನದಂಡ ರೂಪಿಸುವ ಎಚ್‌ಎಲ್7 ಸಂಸ್ಥೆ 1987ರಲ್ಲೇ ಹುಟ್ಟಿತು. ಪರೀಕ್ಷೆಗಳಿಗೆ ಸಮಾನ ಸಂಕೇತ ಕೊಡುವ ಲೋಯಿಂಕ್ ಕೆಲಸ 1994ರಲ್ಲಿ ಆರಂಭವಾಯಿತು. ಕೇಂದ್ರ ಸರಕಾರವೂ 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡ ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು.

ಹಾಗೆಂದು ಬರೀ ತಂತಿ ಎಳೆದರೆ ಸಾಲದು. ಡೆಸಿಲೀಟರಿಗೆ 1 ಮಿಲಿಗ್ರಾಂ ಕ್ರಿಯಾಟಿನಿನ್ ಎಂದರೆ ಲೀಟರಿಗೆ 88.4 ಮೈಕ್ರೋಮೋಲ್. ಮೂತ್ರಪಿಂಡದ ಶಕ್ತಿ ಅಂದಾಜಿಸಿ ಕಾರ್ಬೋಪ್ಲಾಟಿನ್ ಪ್ರಮಾಣ ನಿರ್ಧರಿಸುವುದು ಹೆಚ್ಚಾಗಿ ಇದೇ ಅಂಕಿಯಿಂದ. ಆದರೂ ತಂತ್ರಾಂಶ ಕೊಳ್ಳುವವರು ಪರದೆಯ ಚಂದ ನೋಡುತ್ತಾರೆ. ಅಂಕಿಯ ಜೊತೆ ಅಳತೆಯೂ ದಾಟುತ್ತದೆಯೇ ಎಂದು ಕೇಳುವವರು ವಿರಳ.