ಮುಂದಿನ ಚಕ್ರಕ್ಕೆ ಮೆತ್ತನೆಯ ರಬ್ಬರ್

ಟೈರ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದವರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್ ಬರುತ್ತೆ?’ ಎಂದು. ಕೇಳಿದ್ದಕ್ಕೆ ತಕ್ಕಂತೆ ಅಂಗಡಿಯವರು ಗಟ್ಟಿ ರಬ್ಬರಿನ ಟೈರೊಂದನ್ನು ಅಟ್ಟದಿಂದ ಇಳಿಸುತ್ತಾರೆ. ಲಾರಿಗೆ, ಆಟೋಗೆ ಈ ಲೆಕ್ಕ ಸರಿಯೇ. ದಿನವಿಡೀ ಓಡುವ ಗಾಡಿಗೆ ಟೈರ್ ಎಂದರೆ ದುಡಿಮೆಯ ಖರ್ಚು. ಆದರೆ ಮಗುವನ್ನು ಶಾಲೆಗೆ ಬಿಡುವ, ಸಂಜೆ ಮಳೆಯಲ್ಲಿ ಮನೆಗೆ ಮರಳುವ ಸ್ಕೂಟರಿಗೆ ನಾನು ಕೇಳುವ ಪ್ರಶ್ನೆ ಬೇರೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಇದು ನೆಲವನ್ನು ಕಚ್ಚುತ್ತದೆಯೇ?

ಸ್ಕೂಟರಿನ ಟೈರಿಗೆ ಬೈಕಿನ ಟೈರಿಗಿಂತ ಹೆಚ್ಚು ಕೆಲಸ. ಆಕ್ಟಿವಾ ಬಹುಕಾಲ ಓಡಿದ್ದು 90/100-10 ಅಳತೆಯ ಮೇಲೆ. 90 ಎಂಬುದು ಮಿಲಿಮೀಟರಿನಲ್ಲಿ ಅಗಲ. 100 ಎಂದರೆ ಆ ಅಗಲದ ಶೇಕಡಾ ನೂರರಷ್ಟು ಎತ್ತರ. 10 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿ ನೋಡಿದರೆ ಈ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 730 ಸುತ್ತು ತಿರುಗುತ್ತದೆ. 80/100-18 ಅಳತೆಯ ಬೈಕಿನ ಚಕ್ರಕ್ಕೆ ಅಷ್ಟೇ ದೂರಕ್ಕೆ 515 ಸುತ್ತು ಸಾಕು. ಹೆಚ್ಚು ಸುತ್ತು ಎಂದರೆ ಹೆಚ್ಚು ಸವೆತ. ಗುಂಡಿ ಬಂದಾಗಲೂ ಚಿಕ್ಕ ಚಕ್ರವೇ ಹೆಚ್ಚು ಆಳಕ್ಕೆ ಇಳಿಯುತ್ತದೆ. ಅದಕ್ಕೇ ಈಚಿನ ಸ್ಕೂಟರುಗಳು ದೊಡ್ಡ ಚಕ್ರದತ್ತ ಸರಿದಿವೆ: ಆಕ್ಟಿವಾ 6ಜಿ ಮತ್ತು ಸುಜುಕಿ ಆಕ್ಸೆಸ್ 125ರಲ್ಲಿ ಮುಂದೆ 90/90-12, ಹಿಂದೆ ಮಾತ್ರ 10 ಇಂಚು, ಟಿವಿಎಸ್ ಜುಪಿಟರಿನಲ್ಲಿ ಎರಡೂ 12. ‘ಆಕ್ಟಿವಾಗೆ ಒಂದು ಟೈರ್ ಕೊಡಿ’ ಎಂದರೆ ಈಗ ಸಾಲದು. ಹಳೆಯ ಟೈರಿನ ಪಕ್ಕದಲ್ಲಿರುವ ಅಂಕಿಯನ್ನು ಓದಿಕೊಂಡೇ ಹೋಗಬೇಕು. ಜೊತೆಗೆ 53ಜೆ ಎಂಬಂಥ ಗುರುತೂ ಇರುತ್ತದೆ. 53 ಎಂದರೆ ಆ ಟೈರು 206 ಕಿಲೋ ಹೊರಬಲ್ಲದು, ಜೆ ಎಂದರೆ ಗಂಟೆಗೆ 100 ಕಿಲೋಮೀಟರ್ ವೇಗದವರೆಗೆ ತಾಳಬಲ್ಲದು. ಹೊಸದರಲ್ಲಿ ಇವು ಇಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ.

ಚೇತಕ್, ಎಲ್‌ಎಂಎಲ್ ಕಾಲದಲ್ಲಿ ಮುಂದೆ, ಹಿಂದೆ, ಸ್ಟೆಪ್ನಿ ಮೂರೂ 3.50-10. ಯಾವುದನ್ನು ಬೇಕಾದರೂ ಎಲ್ಲಿಗಾದರೂ ಹಾಕಬಹುದಿತ್ತು. ಹೊಸ ಟೈರ್ ಹಿಂದಕ್ಕೆ, ಅರ್ಧ ಸವೆದದ್ದು ಮುಂದಕ್ಕೆ ಎಂಬ ರೂಢಿ ಆಗ ಬೇರೂರಿತು. ಎಂಜಿನ್ನಿನ ಭಾರ, ಹಿಂದೆ ಕೂತವರ ಭಾರ, ಎಳೆಯುವ ಕೆಲಸ ಎಲ್ಲವೂ ಹಿಂದಿನ ಚಕ್ರದ್ದೇ ಆದ್ದರಿಂದ ಅದು ಬೇಗ ಸವೆಯುವುದು ನಿಜ. ಆದರೆ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನದು. ಬ್ರೇಕ್ ಹಿಡಿದ ಕ್ಷಣದಲ್ಲೇ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಸ್ಕೂಟರುಗಳಲ್ಲಿ ಎಡಗೈಯ ಬ್ರೇಕ್ ಹಿಡಿದರೂ ಮುಂದಿನ ಚಕ್ರಕ್ಕೆ ಹಿಡಿತ ಬೀಳುವ ಏರ್ಪಾಡು ಬಂದಿದೆ. ಹಿಂದಿನ ಚಕ್ರ ಜಾರಿದರೆ ಸವಾರ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಹಾಗಿದ್ದರೂ ನಮ್ಮ ಊರುಗಳಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಒಳಗಾದದ್ದು ಮುಂದಿನ ಟೈರು. ಅದು ಸವೆಯುವುದು ನಿಧಾನ. ಗೆರೆಗಳು ಆಳವಾಗಿ ಕಾಣುತ್ತಲೇ ಇರುತ್ತವೆ, ಒಳಗೆ ರಬ್ಬರ್ ಒಣಗುತ್ತಿರುತ್ತದೆ. ಬಿಸಿಲು, ಗಾಳಿಯಲ್ಲಿನ ಓಝೋನ್, ವರ್ಷಗಳು ಸೇರಿ ಅದರ ಮೆದುತನವನ್ನು ಹೀರಿಬಿಡುತ್ತವೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಇದು ಇನ್ನೂ ಬೇಗ. ಪಕ್ಕದ ಗೋಡೆಯಲ್ಲಿ, ಗೆರೆಗಳ ತಳದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಗೆರೆ ಎಷ್ಟು ಉಳಿದಿದೆ ಎಂದು ನೋಡುವ ಅಗತ್ಯವಿಲ್ಲ, ಬದಲಿಸಿ. ದ್ವಿಚಕ್ರ ವಾಹನಕ್ಕೆ ಕಾನೂನು ಕೇಳುವ ಗೆರೆಯ ಆಳ 0.8 ಮಿಲಿಮೀಟರ್. ಗೆರೆಯ ತಳದಲ್ಲಿರುವ ಪುಟ್ಟ ರಬ್ಬರ್ ದಿಬ್ಬ ಮೇಲ್ಮೈಯ ಮಟ್ಟಕ್ಕೆ ಬರುವವರೆಗೆ ಕಾಯುವವರಿದ್ದಾರೆ. ನಾನು ಅಷ್ಟು ಕಾಯುವುದಿಲ್ಲ. ಮುಂದಿನ ಟೈರಿಗೆ ಐದು ವರ್ಷವಾದರೆ, ಅದು ಎಷ್ಟೇ ಚೆನ್ನಾಗಿ ಕಂಡರೂ, ನನ್ನ ಲೆಕ್ಕದಲ್ಲಿ ಅದರ ಆಯುಸ್ಸು ಮುಗಿದಂತೆ.

ಒದ್ದೆ ನೆಲದ ಹಿಡಿತ ಎಂದಾಕ್ಷಣ ಎಲ್ಲರೂ ಗೆರೆಗಳ ಚಿತ್ತಾರ ನೋಡುತ್ತಾರೆ. ಸ್ಕೂಟರಿನ ವೇಗದಲ್ಲಿ, ಇಷ್ಟು ಕಿರಿದಾದ ದುಂಡು ಟೈರು ನೀರಿನ ಮೇಲೆ ತೇಲುವುದು ಅಪರೂಪ. ಹಿಡಿತ ಹೆಚ್ಚಾಗಿ ನಿಂತಿರುವುದು ರಬ್ಬರಿನ ಪಾಕದ ಮೇಲೆ. ನೈಸರ್ಗಿಕ ರಬ್ಬರ್ ಹರಿಯದ ಗಟ್ಟಿತನ ಕೊಡುತ್ತದೆ, ಬಿಸಿಯಾಗುವುದೂ ಕಡಿಮೆ. ಕೃತಕ ರಬ್ಬರ್ ಹಿಡಿತಕ್ಕೆ. ಕಪ್ಪು ಬಣ್ಣ ಕೊಡುವ ಕಾರ್ಬನ್ ಪುಡಿ ಸವೆತವನ್ನು ತಡೆಯುತ್ತದೆ, ಸಿಲಿಕಾ ಬೆರೆಸಿದರೆ ಒದ್ದೆಯಲ್ಲಿ ಹಿಡಿತ ಹೆಚ್ಚುತ್ತದೆ. ಒಂದೇ ಕಂಪನಿಯೇ ಎರಡು ಬಗೆಯ ಪಾಕ ಮಾಡುತ್ತದೆ. ಸಿಯೆಟ್ ಬಾಳಿಕೆ ಬೇಕೆನ್ನುವವರಿಗೆ ಮೈಲೇಝ್ ಸಾಲನ್ನೂ ಹಿಡಿತ ಬೇಕೆನ್ನುವವರಿಗೆ ಗ್ರಿಪ್ ಸಾಲನ್ನೂ ಮಾರುತ್ತದೆ. ಆದ್ದರಿಂದ ‘ಯಾವ ಕಂಪನಿ ಒಳ್ಳೆಯದು?’ ಎಂದು ಕೇಳುವುದಕ್ಕಿಂತ ‘ಇದರಲ್ಲಿ ಮೆತ್ತನೆಯ ರಬ್ಬರಿನದು ಯಾವುದು?’ ಎಂದು ಕೇಳಿ. ಎರಡು ಟೈರುಗಳನ್ನು ಪಕ್ಕಪಕ್ಕ ಇಟ್ಟು ಹೆಬ್ಬೆರಳ ಉಗುರು ಒತ್ತಿದರೆ ವ್ಯತ್ಯಾಸ ತಕ್ಕಮಟ್ಟಿಗೆ ಗೊತ್ತಾಗುತ್ತದೆ.

ಮಂಗಳೂರು, ಉಡುಪಿ, ತೀರ್ಥಹಳ್ಳಿಯ ಸವಾರರಿಗೆ ನನ್ನ ಮಾತು ನೇರ: ಎರಡೂ ಚಕ್ರಕ್ಕೆ ಮೆತ್ತನೆಯದೇ ಇರಲಿ, ಮಳೆಗಾಲ ಶುರುವಾಗುವ ಮುನ್ನವೇ. ಬಯಲುಸೀಮೆಯವರು ಹಿಂದಕ್ಕೆ ಬಾಳಿಕೆಯದನ್ನು ಹಾಕಿಸಬಹುದು, ಮುಂದಕ್ಕೆ ಬೇಡ. ಬೆಂಗಳೂರಿನವರಿಗೂ ಇದೇ ಮಾತು. ತಿಂಗಳುಗಟ್ಟಲೆ ಧೂಳು, ಎಣ್ಣೆ ಕುಡಿದ ರಸ್ತೆಯ ಮೇಲೆ ಏಪ್ರಿಲ್‌ನ ಮೊದಲ ಮಳೆ ಹನಿದಾಗ, ಜೀಬ್ರಾ ಪಟ್ಟೆಯ ಬಣ್ಣ ಮತ್ತು ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಗಟ್ಟಿ ರಬ್ಬರ್ ಯಾವ ಸಹಾಯಕ್ಕೂ ಬರುವುದಿಲ್ಲ. ವಿದ್ಯುತ್ ಸ್ಕೂಟರಿನವರ ಲೆಕ್ಕ ಸ್ವಲ್ಪ ಬೇರೆ. ಆಕ್ಸಿಲರೇಟರ್ ತಿರುವಿದೊಡನೆ ಬರುವ ಎಳೆತವೂ ಕೈಬಿಟ್ಟಾಗ ಮೋಟಾರ್ ಹಾಕುವ ತಡೆಯೂ ಹಿಂದಿನ ಟೈರಿನ ಮೇಲೆಯೇ ಬೀಳುವುದರಿಂದ ಅದು ಬೇಗ ಸವೆಯುತ್ತದೆ. ಟೈರ್ ಬದಲಿಸಿದ ಮೇಲೆ ಒಂದು ಚಾರ್ಜಿಗೆ ಓಡುವ ದೂರ ಕಡಿಮೆಯಾದರೆ ಗಾಬರಿ ಬೇಡ, ರಬ್ಬರ್ ಬದಲಾದದ್ದೇ ಕಾರಣವಿರಬಹುದು.

ಅಗಲ ಹೆಚ್ಚಿಸುವ ಆಸೆಯನ್ನು ಬಿಡಿ. 90/90-12 ಇದ್ದಲ್ಲಿ 100/90-12 ಹಾಕಿಸಿದರೆ ಚಕ್ರ ಸುಮಾರು ಶೇಕಡಾ 4ರಷ್ಟು ದೊಡ್ಡದಾಗುತ್ತದೆ. ಮೀಟರ್ ಕಡಿಮೆ ತೋರಿಸುತ್ತದೆ, ಮಡ್‌ಗಾರ್ಡಿಗೆ ತಾಕುವ ಅಪಾಯವಿದೆ, ಹ್ಯಾಂಡಲ್ ತಿರುಗುವುದೂ ಮಂದ.

ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಐಎಸ್‌ಐ ಗುರುತಿನ ಜೊತೆ ನಾಲ್ಕಂಕಿಯ ತಾರೀಖು ಹುಡುಕಿ. 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು. ವರ್ಷಕ್ಕಿಂತ ಹಳೆಯದಾದರೆ ಬೇರೆ ಕೊಡಿ ಎನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಂಥ ಕಡೆ ಹೆಚ್ಚು ಓಡುವ ಅಳತೆಗಳು ಬೇಗ ಖರ್ಚಾಗುತ್ತವೆ. ಹಳೆಯ ಚೇತಕ್ಕಿನ 3.50-10ರಂಥವು ಮೂಲೆಯಲ್ಲಿ ಕೂತೇ ಇರುವ ಸಾಧ್ಯತೆ ಹೆಚ್ಚು, ಅಲ್ಲಿ ತಾರೀಖು ನೋಡದೆ ಹಣ ಕೊಡಬೇಡಿ. ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇರಲಿ. ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಭಾಗ, ವಾಲ್ವಿನ ನೇರಕ್ಕೆ ಕೂರಿಸಲು ಹೇಳಿ. ಟ್ಯೂಬ್‌ಲೆಸ್ ಆದರೆ ವಾಲ್ವೂ ಹೊಸದಿರಲಿ.

ಹೊಸ ಟೈರಿನ ಮೇಲ್ಮೈ ನುಣುಪು. ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ಹೆಚ್ಚು ಬಾಗಿಸದೆ ಓಡಿಸಿ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿ. ಆಕ್ಟಿವಾಗೆ ಮುಂದೆ 22 ಪಿಎಸ್‌ಐ, ಹಿಂದೆ ಒಬ್ಬರಾದರೆ 29, ಇಬ್ಬರಾದರೆ 36. ಬಂಕಿನಲ್ಲಿ ಎರಡಕ್ಕೂ 35 ಹೊಡೆಯಲು ಬಂದರೆ ಮುಂದಿನದಕ್ಕೆ ಬೇಡವೆಂದು ಗಟ್ಟಿಯಾಗಿಯೇ ಹೇಳಿ.