ಒಂದಾದ ಮೇಲೆ ಒಂದು

ಕಳೆದ ವಾರ 60 ಹಳೆಯ ಫೋಟೊಗಳನ್ನು ಸರ್ವರ್‌ಗೆ ಏರಿಸಲು ಜಾವಾಸ್ಕ್ರಿಪ್ಟಿನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಒಂದು ತಲುಪಿದ ಮೇಲೆಯೇ ಮುಂದಿನದು ಹೊರಡಬೇಕಿತ್ತು. ಓಡಿಸಿದರೆ ಪರದೆಯಲ್ಲಿ ಮೊದಲು ಕಂಡದ್ದೇ ‘ಮುಗಿಯಿತು’. ಅದರ ಹಿಂದೆಯೇ ಸಾಲು ಸಾಲು 429. ಕೋರಿಕೆಗಳು ಮಿತಿ ಮೀರಿದಾಗ ಸರ್ವರ್ ಕೊಡುವ ಉತ್ತರ ಅದು.

ನಾನು ‘ಫಾರ್‌ಈಚ್’ ಒಳಗೆ ಉತ್ತರಕ್ಕೆ ಕಾಯಿಸುವ ‘ಅವೇಟ್’ ಹಾಕಿದ್ದೆ. ಫಾರ್‌ಈಚ್ ಯಾರಿಗೂ ಕಾಯುವುದಿಲ್ಲ. ಪ್ರತಿ ಫೋಟೊಗೂ ನಮ್ಮ ಫಂಕ್ಷನ್ನನ್ನು ಕರೆಯುತ್ತದೆ, ಅದು ಕೊಟ್ಟ ಪ್ರಾಮಿಸನ್ನು (ಮುಂದೆ ಬರುವ ಉತ್ತರದ ಭರವಸೆಯನ್ನು) ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುತ್ತದೆ. ಅವೇಟ್ ತಡೆದು ನಿಲ್ಲಿಸುವುದು ಒಳಗಿನ ಫಂಕ್ಷನ್ನನ್ನು ಮಾತ್ರ. ಹೀಗಾಗಿ ಅರವತ್ತೂ ಒಟ್ಟಿಗೇ ಹೊರಟಿದ್ದವು. ಅದನ್ನೇ ‘ಫಾರ್-ಆಫ್’ ಲೂಪಿಗೆ ಬದಲಿಸಿದೆ, ಒಂದೊಂದಾಗಿ ಹೋದವು.

ಇಷ್ಟು ನೇರವಾಗಿ ಬರೆಯುವ ಭಾಗ್ಯ ಜಾವಾಸ್ಕ್ರಿಪ್ಟಿಗೆ ತಡವಾಗಿ ಬಂತು. 1995ರಲ್ಲಿ ಬ್ರೆಂಡನ್ ಐಕ್ ಕಟ್ಟಿದ ಈ ಭಾಷೆ ಬ್ರೌಸರಿನ ಪುಟದಲ್ಲಿ ಒಂದೇ ಎಳೆಯಲ್ಲಿ ಓಡುತ್ತದೆ. ಉತ್ತರ ಬರಲಿ ಎಂದು ಅದು ನಿಂತುಬಿಟ್ಟರೆ ಪುಟವೇ ಸ್ತಬ್ಧ. ಅದಕ್ಕೇ ಕಾಲ್‌ಬ್ಯಾಕ್, ಅಂದರೆ ಉತ್ತರ ಬಂದಾಗ ಓಡಿಸಲು ಕೊಟ್ಟಿಡುವ ಫಂಕ್ಷನ್, ಬೇಕಾಯಿತು. ಐದು ಕೋರಿಕೆ ಸಾಲಾಗಿ ಹೋಗಬೇಕೆಂದರೆ ಕಾಲ್‌ಬ್ಯಾಕಿನೊಳಗೆ ಕಾಲ್‌ಬ್ಯಾಕ್, ಐದು ಪದರ. ಪದರ ಪದರಕ್ಕೂ ತಪ್ಪು ಹಿಡಿಯುವ ಪ್ರತ್ಯೇಕ ಕೋಡ್. ಈ ಗೋಜಲನ್ನು ಬಿಡಿಸಿದ್ದು ಪ್ರಾಮಿಸ್. ಕಂಪ್ಯೂಟರ್ ವಿಜ್ಞಾನಿಗಳಾದ ಬಾರ್ಬರಾ ಲಿಸ್ಕೊವ್ ಮತ್ತು ಲಿಯುಬಾ ಶ್ರೀರಾ ಅದರ ಬಗ್ಗೆ ಪ್ರಬಂಧ ಬರೆದದ್ದು 1988ರಲ್ಲಿ. ಜಾವಾಸ್ಕ್ರಿಪ್ಟಿನ ಮಾನಕಕ್ಕೆ ಪ್ರಾಮಿಸ್ ಸೇರಿದ್ದು 2015ಕ್ಕೆ, ಅವೇಟ್ 2017ಕ್ಕೆ. ಈಗಲೂ ಕೆಲವರು ‘ರೆಡ್ಯೂಸ್’ ಬಳಸಿ ಪ್ರಾಮಿಸ್‌ಗಳ ಸರಪಳಿ ಹೆಣೆಯುತ್ತಾರೆ. ಜಾಣ್ಮೆಯೇನೋ ಹೌದು, ಆದರೆ ಆರು ತಿಂಗಳ ನಂತರ ಓದುವವರ ಕಷ್ಟ ನೆನೆದು ನಾನು ಅದನ್ನು ಒಪ್ಪುವುದಿಲ್ಲ.

ಅವೇಟ್ ರುಚಿ ಹತ್ತಿದವರು ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುವುದೂ ಉಂಟು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೋರಿಕೆಗಳಿಗೆ ತಲಾ 300 ಮಿಲಿಸೆಕೆಂಡ್ ಬೇಕಾದರೆ, ಸಾಲಿನಲ್ಲಿ 900 ಆಗುತ್ತದೆ, ‘ಪ್ರಾಮಿಸ್.ಆಲ್’ ಮೂಲಕ ಒಟ್ಟಿಗೆ ಕಳಿಸಿದರೆ ಸುಮಾರು 300. ಮೊದಲ ಉತ್ತರದಲ್ಲಿ ಬರುವ ಟೋಕನ್ ಎರಡನೆಯದಕ್ಕೆ ಬೇಕಿದ್ದಾಗ, ಇಲ್ಲವೇ ನನ್ನ ಫೋಟೊಗಳಂತೆ ಸರ್ವರ್‌ಗೆ ಹೊರೆಯಾಗುವಾಗ ಮಾತ್ರ ಸಾಲು ಸರಿ.

ಇನ್ನೊಂದು ಮಾತು. ಸರ್ವರ್ 429 ಎಂದರೂ, 500 ಎಂದರೂ ಕೋರಿಕೆ ಕಳಿಸುವ ‘ಫೆಚ್’ ಅದನ್ನು ಸೋಲೆಂದು ಎಣಿಸುವುದಿಲ್ಲ. ಉತ್ತರ ಬಂತಲ್ಲ, ಅದಕ್ಕೆ ಅಷ್ಟೇ ಸಾಕು. ಲೂಪ್ ನಿಶ್ಚಿಂತೆಯಿಂದ ಮುಂದಿನ ಫೋಟೊಗೆ ಹೋಗುತ್ತದೆ. ದಯವಿಟ್ಟು ಪ್ರತಿ ಉತ್ತರದ ‘ಓಕೆ’ ಗುಣವನ್ನು ನೋಡಿಯೇ ಮುಂದಿನದನ್ನು ಕಳಿಸಿ.